ಚಿಕ್ಕ ಟ್ರ್ಯಾಕ್ಟರಿನ ಗೋಳು

ಅಜ್ಮತ್ ಕೆಲಸಕ್ಕೆ ನಿಂತನೆಂದರೆ ಸುತ್ತಲಿನವರು ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಟಿನ್ ಫ್ಯಾಕ್ಟರಿಯ ಹಿಂದಿನ ಗಲ್ಲಿಯಲ್ಲಿ ಅವನು ಹೈಡ್ರಾಲಿಕ್ ರಿಪೇರಿ ಅಂಗಡಿ ತೆರೆದು ಇಪ್ಪತ್ತೆರಡು ವರ್ಷವಾಯಿತು. ಅಷ್ಟೂ ವರ್ಷ ಇದೇ ಕಾನೂನು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಎಡಗೈ ಬೆರಳನ್ನು ತುಟಿಯ ಮೇಲಿಟ್ಟರೆ ಮುಗಿಯಿತು, ಎಷ್ಟೇ ದೊಡ್ಡ ಗಿರಾಕಿಯಾದರೂ ಕೆಮ್ಮುವಂತಿಲ್ಲ. ಯಂತ್ರ ಸುಳ್ಳು ಹೇಳುವುದಿಲ್ಲ, ಓಡಿಸುವವನು ಹೇಳುತ್ತಾನೆ ಎಂದು ಅವನು ನಂಬಿದ್ದ. ಹಾಕದ ಎಣ್ಣೆಯನ್ನು ಹಾಕಿದೆನೆಂದವರನ್ನೂ, ಗೋಡೆಗೆ ಗುದ್ದಿ ತಾನಾಗಿಯೇ ಬಾಗಿತೆಂದವರನ್ನೂ ಕಂಡು ಕಂಡು, ಡ್ರೈವರ್ ಎಂದರೆ ಸಾಕು ಅವನ ಹುಬ್ಬು ಗಂಟಾಗುತ್ತಿತ್ತು.

ಹಾಗಾಗಿ ದೊಡ್ಡನೆಕ್ಕುಂದಿಯ ಕಂಪನಿ ಕ್ಯಾಂಪಸ್ಸಿನಿಂದ ಮುತ್ತಣ್ಣ ಫೋನು ಮಾಡಿದಾಗ ಅಜ್ಮತ್‌ಗೆ ಆಶ್ಚರ್ಯವೇನೂ ಆಗಲಿಲ್ಲ. ಮುತ್ತಣ್ಣ ಅಲ್ಲಿನ ಹುಲ್ಲುಹಾಸು, ಗಿಡಮರಗಳ ಉಸ್ತುವಾರಿಯ ಮ್ಯಾನೇಜರು.

"ಅಜ್ಮತ್ ಭಾಯ್, ನಮ್ಮ ಚಿಕ್ಕ ಟ್ರ್ಯಾಕ್ಟರ್ ಗೋಳಾಡ್ತಿದೆ ಕಣ್ರೀ. ನೀವು ಸರ್ವಿಸ್ ಮಾಡಿ ಇನ್ನೂ ಎರಡು ತಿಂಗಳಾಗಿಲ್ಲ. ನಂಗೆ ಡ್ರೈವರ್ ಮೇಲೇ ಡೌಟು. ಎಣ್ಣೆ ಎತ್ತಿ ಮಾರ್ತಿದಾನೆ ಅನ್ಸುತ್ತೆ. ನೀವು ನೋಡಿ ಹೌದು ಅಂದ್ಬಿಟ್ರೆ ಇವತ್ತೇ ಗೇಟಿಂದ ಆಚೆ ಕಳಿಸ್ತೀನಿ."

ಡ್ರೈವರ್ ಅಮರಪ್ಪ ಸುರಪುರದ ಕಡೆಯವನು. ಕ್ಯಾಂಪಸ್ಸಿನ ಹಿಂದಿನ ತಗಡಿನ ಕೋಣೆಯಲ್ಲಿ ಹೆಂಡತಿ ಬಾಲಮ್ಮನ ಜೊತೆ ಇದ್ದ. ಅವಳೂ ಅಲ್ಲಿಯೇ ಕಸ ಗುಡಿಸುತ್ತಿದ್ದಳು. ಅವನ ಕೆಲಸ ಹೋದರೆ ಕೋಣೆ ಹೋಯಿತು, ಅವಳ ಕೆಲಸವೂ ಹೋಯಿತು. ಇದೆಲ್ಲ ಅಜ್ಮತ್‌ಗೆ ಗೊತ್ತಿತ್ತು. ಗೊತ್ತಿದ್ದೂ, ಕಳ್ಳನ ಮೇಲೆ ಕನಿಕರ ಯಾಕೆ ಎಂದುಕೊಂಡೇ ಸ್ಕೂಟರ್ ಹತ್ತಿದ.

ಹೋದವನೇ ಅಮರಪ್ಪನಿಗೆ ಇಂಜಿನ್ ಚಾಲೂ ಮಾಡಿ, ಮುಂದಿನ ಮಣ್ಣೆತ್ತುವ ಬಕೆಟ್ಟನ್ನು ಎತ್ತುವಂತೆ ಹೇಳಿದ. ಬಕೆಟ್ ಮೊಳದಷ್ಟು ಏಳುವುದರೊಳಗೆ, ಎಣ್ಣೆಯ ಒತ್ತಡದಿಂದ ಅದನ್ನೆತ್ತುವ ಪಂಪು ಸಣ್ಣಗೆ ಊಳಿಡತೊಡಗಿತು. ಇನ್ನಷ್ಟು ಎತ್ತಿದಾಗ ಡಬ್ಬಿಯಲ್ಲಿ ಜಲ್ಲಿ ಹಾಕಿ ಅಲ್ಲಾಡಿಸಿದಂಥ ಗರಗರ. ಸ್ಕ್ರೂಡ್ರೈವರಿಗೆ ಕಿವಿಗೊಟ್ಟ ಅಜ್ಮತ್ ತಲೆಯಾಡಿಸಿದ. ಇದು ಎಣ್ಣೆ ಸಾಲದ ಪಂಪಿನ ದನಿ.

"ಸಾಹೇಬ್ರ, ಆವತ್ತ ನೀವು..." ಎಂದು ಅಮರಪ್ಪ ಬಾಯಿ ತೆರೆದ. ಅಜ್ಮತ್ ಬೆರಳನ್ನು ತುಟಿಗೆ ಒತ್ತಿಕೊಂಡು ಕಣ್ಣು ಬಿಟ್ಟ. ಮಾತು ಬದಲಿಸಲು ನೋಡುತ್ತಾನೆ, ಎಂದು ಅಜ್ಮತ್ ಮನಸ್ಸಿನಲ್ಲೇ ಗುರುತು ಹಾಕಿಕೊಂಡ.

ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆಳೆದು, ಜೇಬಿನಿಂದ ನೀಲಿ ಚೌಕಳಿಯ ಬಟ್ಟೆ ತೆಗೆದು ಒರೆಸಿದ. ಈ ಒರೆಸುವ ಬಟ್ಟೆಗಳದು ಒಂದು ಕಥೆ. ಒಂದು ನೂಲೂ ಎಣ್ಣೆಗೆ ಬೀಳಬಾರದೆಂದು ಅಜ್ಮತ್‌ನ ಹೆಂಡತಿ ಸುಮೈರಾ ಅವನ ಹಳೆಯ ಲುಂಗಿಗಳನ್ನು ಕತ್ತರಿಸಿ, ನಾಲ್ಕೂ ಅಂಚು ಮಡಚಿ ಮಿಷನ್ ಹೊಲಿಗೆ ಹಾಕಿ ಕೊಡುತ್ತಿದ್ದಳು. ಗ್ರೀಸ್ ಒರೆಸುವ ಬಟ್ಟೆಗೆ ಅಂಚು ಹೊಲಿಸುವವನು ಇಡೀ ಊರಿನಲ್ಲಿ ಇವನೊಬ್ಬನೇ ಎಂದು ನೆರೆಯವರು ನಗುತ್ತಿದ್ದರು. ಅವನಿಗೋ ಅದು ಹೆಮ್ಮೆ.

ಕಡ್ಡಿಯಲ್ಲಿ ಎಣ್ಣೆ ಎರಡು ಬೆರಳು ಕಡಿಮೆಯಿತ್ತು.

ಅಜ್ಮತ್ ಶೆಡ್ಡಿನೊಳಗೆ ಹೋದ. ಗೊಬ್ಬರದ ಚೀಲಗಳ ಹಿಂದೆ ಒಂದು ಬಿಳಿ ಕ್ಯಾನು ಸಿಕ್ಕಿತು. ಮುಚ್ಚಳ ಬಿಚ್ಚಿ ಮೂಸಿದ; ಅದೇ ಎಣ್ಣೆ, ಮೂರು ಲೀಟರಿಗೆ ಕಡಿಮೆಯಿಲ್ಲ. ಪಕ್ಕದಲ್ಲಿ ತುದಿ ಕೊಕ್ಕೆಯಂತೆ ಬಗ್ಗಿಸಿದ ಉದ್ದನೆಯ ತಂತಿ, ಮೈಯೆಲ್ಲ ಎಣ್ಣೆ. ಕದಿಯುವುದಕ್ಕೂ ಸಲಕರಣೆ ಮಾಡಿಟ್ಟುಕೊಂಡಿದ್ದಾನೆ ಮಹಾರಾಯ! ಎರಡನ್ನೂ ತಂದು ಮುತ್ತಣ್ಣನ ಮುಂದಿಟ್ಟ.

"ನಾ ಎಣ್ಣಿ ಕದ್ದಿಲ್ರಿ," ಎಂದ ಅಮರಪ್ಪ. "ಒಳಗ ಹುಡುಕಾಕತ್ತಿದ್ನಿರಿ. ಎಣ್ಣಿ ತುಸು ತಗದ್ರ ಕಾಣತೈತೇನೋ ಅಂತ..."

"ಒಳಗೇನು, ನಿನ್ನ ಹೆಂಡ್ತಿ ಬಂಗಾರದ ಸರ ಬಿದ್ದಿತ್ತಾ?" ಎಂದ ಮುತ್ತಣ್ಣ. "ಮಿಷನ್ ಮುಟ್ಬೇಡ ಅಂತ ಎಷ್ಟು ಸಲ ಹೇಳಿದೀನಿ?"

ಅಮರಪ್ಪ ಅಜ್ಮತ್‌ನ ಕಡೆ ನೋಡಿದ. ಅಜ್ಮತ್ ಮತ್ತೆ ಪಂಪಿಗೆ ಕಿವಿಗೊಟ್ಟಿದ್ದ. ಬೆರಳು ಅಭ್ಯಾಸಬಲದಿಂದ ತುಟಿಯ ಮೇಲಿತ್ತು. ಅಮರಪ್ಪ ಅದನ್ನು ಒಂದು ಗಳಿಗೆ ದಿಟ್ಟಿಸಿ, ಕೊರಳಿನ ಗುರುತಿನ ಚೀಟಿ ತೆಗೆದುಕೊಟ್ಟು ಕೋಣೆಯ ಕಡೆ ನಡೆದ. "ಸಂಜೆಯೊಳಗೆ ರೂಮ್ ಖಾಲಿ ಆಗ್ಬೇಕು," ಎಂದು ಮುತ್ತಣ್ಣ ಹಿಂದಿನಿಂದ ಕೂಗಿದ.

ಅಜ್ಮತ್ ಕ್ಯಾನಿನ ಎಣ್ಣೆಯನ್ನು ಜಾಲರಿಯಲ್ಲಿ ಸೋಸಿ ಮತ್ತೆ ಟ್ರ್ಯಾಕ್ಟರಿಗೆ ಸುರಿದ. ಕಡ್ಡಿಯಲ್ಲಿ ಮಟ್ಟ ಸರಿಯಾಯಿತು. ಇನ್ನೇನು, ಗೋಳು ನಿಂತಂತೆಯೇ ಎಂದು ಇಂಜಿನ್ ಚಾಲೂ ಮಾಡಿ ಬಕೆಟ್ ಎತ್ತಿದ.

ಪಂಪು ಮೊದಲಿನಂತೆಯೇ ಊಳಿಟ್ಟಿತು.

ಅವನಿಗೆ ಮೈಯೆಲ್ಲ ಉರಿಯಿತು. ಅಗ್ಗದ ಎಣ್ಣೆ ಬೆರೆಸಿರಬಹುದೇ? ಬೆರಳಿಗೆ ಹಚ್ಚಿ ತಿಕ್ಕಿ ನೋಡಿದ. ತಾನೇ ತಂದು ಹಾಕಿದ್ದ ಎಣ್ಣೆ. ಪೈಪಿನ ಕೀಲುಗಳಲ್ಲಿ ಗಾಳಿ ಎಳೆಯುತ್ತಿದೆಯೇ? ಕೀಲುಗಳಿಗೆಲ್ಲ ಗ್ರೀಸು ಮೆತ್ತಿ ನೋಡಿದ, ದನಿ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಉಳಿದಿದ್ದು ಒಂದೇ: ಪಂಪಿಗೆ ಹೋಗುವ ಎಣ್ಣೆಯನ್ನು ಸೋಸುವ ಒಳಗಿನ ಜಾಲರಿ. ಎಣ್ಣೆಯನ್ನೆಲ್ಲ ತಟ್ಟೆಗೆ ಬಸಿದು, ಜಾಲರಿಯ ಬೋಲ್ಟು ಬಿಚ್ಚಿ ಎಳೆದ. ಬರಲಿಲ್ಲ. ಏನೋ ಮೆತ್ತಗೆ ಅಡ್ಡವಾಗಿತ್ತು. ಎರಡು ಬೆರಳು ತೂರಿಸಿ ಹಿಡಿದು ಎಳೆದ.

ಎಣ್ಣೆ ಕುಡಿದು ಕಪ್ಪಾದ ಬಟ್ಟೆಯ ಚೂರು. ಹಿಂಡಿದಾಗ ನೀಲಿ ಚೌಕಳಿ ಕಾಣಿಸಿತು. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ನಾಲ್ಕು ಕಡೆಗೂ ಮಿಷನ್ ಹೊಲಿಗೆ.

ಸರ್ವಿಸ್ ಮಾಡಿದ ದಿನ ಅವನ ಕಣ್ಣ ಮುಂದೆ ಬಂತು. ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆದು, ಧೂಳು ಬೀಳದಿರಲೆಂದು ತೂತಿಗೆ ಬಟ್ಟೆ ತುರುಕಿದ್ದ. ಆಗಲೇ ಕಾಲೇಜಿನಿಂದ ಮಗಳು ಫಾಯಿಜಾಳ ಫೋನು ಬಂದು, ಮಾತಾಡುತ್ತಾ ಆಚೆ ಹೋಗಿದ್ದ. ಅಷ್ಟರಲ್ಲಿ ಬಟ್ಟೆ ಒಳಕ್ಕೆ ಜಾರಿ ಬಿದ್ದಿತ್ತು. ಬಂದವನು ತೂತು ತೆರೆದಿದ್ದುದನ್ನು ಕಂಡು, ಬಟ್ಟೆ ತೆಗೆದಿದ್ದೇನೆ ಎಂದುಕೊಂಡು ಮುಚ್ಚಳ ಬಿಗಿದ. ಆಗ ಪಕ್ಕದಲ್ಲಿ ನಿಂತಿದ್ದ ಅಮರಪ್ಪ "ಸಾಹೇಬ್ರ, ಬಟ್ಟಿ..." ಎಂದಿದ್ದ. ಇಂಜಿನ್ ಕೇಳುವ ಅವಸರದಲ್ಲಿದ್ದ ಅಜ್ಮತ್ ಬೆರಳನ್ನು ತುಟಿಗಿಟ್ಟು, "ನಂಗೆ ಕೆಲ್ಸ ಕಲಿಸ್ತೀಯಾ?" ಎಂದಿದ್ದ. ಬಟ್ಟೆ ಒಳಗೆ ತೇಲಾಡುತ್ತಾ ಒಮ್ಮೊಮ್ಮೆ ಜಾಲರಿಗೆ ಅಂಟಿಕೊಂಡು ಪಂಪಿನ ಉಸಿರು ಕಟ್ಟಿಸಿತ್ತು. ಅದನ್ನೇ ಅಮರಪ್ಪ ತಂತಿ ಬಗ್ಗಿಸಿಕೊಂಡು ಹುಡುಕಿದ್ದ.

"ಸಿಕ್ತಾ ಭಾಯ್?" ಮುತ್ತಣ್ಣ ಆಫೀಸಿನ ಬಾಗಿಲಿನಿಂದ ಕೂಗಿದ.

ಅಜ್ಮತ್‌ನ ಕೈ ಅವನನ್ನು ಕೇಳದೆಯೇ ಬಟ್ಟೆಯನ್ನು ಪ್ಯಾಂಟಿನ ಜೇಬಿಗೆ ತುರುಕಿತು. ಇಪ್ಪತ್ತೆರಡು ವರ್ಷದ ಹೆಸರು. ಈ ಸುತ್ತಿನ ಆರು ಕ್ಯಾಂಪಸ್ಸಿನವರು ಅವನನ್ನೇ ಕರೆಯುತ್ತಿದ್ದರು. ಜಾಲರಿ ಕೂಡಿಸಿ, ಎಣ್ಣೆ ತುಂಬಿ, ಇಂಜಿನ್ ಚಾಲೂ ಮಾಡಿದ. ಬಕೆಟ್ ಮೇಲಿನವರೆಗೂ ಎದ್ದಿತು, ಪಂಪು ಸೊಲ್ಲೆತ್ತಲಿಲ್ಲ.

"ನೋಡಿದ್ರಾ! ಕಳ್ಳ ಹೋದ, ಸೌಂಡೂ ಹೋಯ್ತು," ಎಂದು ಮುತ್ತಣ್ಣ ಹತ್ತಿರ ಬಂದ. "ಅವನ್ದೇ ತಪ್ಪು ಅಂತ ಎರಡು ಸಾಲು ಬರ್ಕೊಡಿ."

ಆಚೆ ತಗಡಿನ ಕೋಣೆಯ ಮುಂದೆ ಬಾಲಮ್ಮ ಕೊಡದೊಳಗೆ ಲೋಟಗಳನ್ನು ತುಂಬುತ್ತಿದ್ದಳು. ಹಾಸಿಗೆಗೆ ಹಗ್ಗ ಬಿಗಿಯುತ್ತಿದ್ದ ಅಮರಪ್ಪ ಗೋಳು ನಿಂತಿದ್ದನ್ನು ಕೇಳಿ ತಲೆಯೆತ್ತಿದ. ನಿಧಾನಕ್ಕೆ ನಡೆದುಬಂದ. ಅಜ್ಮತ್‌ನ ಮುಖ ನೋಡಿದ, ಆಮೇಲೆ ಜೇಬಿನಿಂದ ತೊಡೆಯವರೆಗೆ ಇಳಿಯುತ್ತಿದ್ದ ಎಣ್ಣೆಯ ಕಲೆ ನೋಡಿದ.

"ಸಿಕ್ತೇನ್ರಿ?" ಎಂದು ಕೇಳಿದ. ಅಷ್ಟೇ.

ಅಜ್ಮತ್‌ಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಬಟ್ಟೆಯನ್ನು ತೆಗೆದು ಬಾನೆಟ್ಟಿನ ಮೇಲೆ, ನಾಲ್ಕೂ ಅಂಚು ಕಾಣುವ ಹಾಗೆ ಹರಡಿದ.

"ಮುತ್ತಣ್ಣೋರೆ, ಇದು ನಂದು. ನನ್ನ ಹೆಂಡ್ತಿ ಹೊಲಿದಿದ್ದು. ಸರ್ವಿಸ್ ದಿನ ನಾನೇ ಒಳಗೆ ಬಿಟ್ಟಿದೀನಿ. ಈತ ಆವತ್ತೇ ಹೇಳೋಕೆ ಬಂದ, ನಾನೇ ಬಾಯಿ ಮುಚ್ಸಿದೆ. ಇವತ್ತೂ ಮುಚ್ಸಿದೆ."

ಮುತ್ತಣ್ಣ ಬಟ್ಟೆಯನ್ನೂ ಅಜ್ಮತ್‌ನನ್ನೂ ನೋಡಿದ. ಆಮೇಲೆ ಗುರುತಿನ ಚೀಟಿಯನ್ನು ಅಮರಪ್ಪನ ಕೈಗಿಟ್ಟು, "ನೀನು ಕೆಲ್ಸಕ್ಕೆ ಹೋಗು," ಎಂದ. ಅಜ್ಮತ್‌ನ ಕಡೆ ತಿರುಗದೆಯೇ, "ಮುಂದಿನ ಸರ್ವಿಸ್‌ಗೆ ಬೇರೆಯವ್ರನ್ನ ನೋಡ್ಕೋತೀವಿ ಭಾಯ್," ಎಂದು ಆಫೀಸಿಗೆ ಹೋದ.

ಅಜ್ಮತ್ ಸಲಕರಣೆಗಳನ್ನು ಪೆಟ್ಟಿಗೆಗೆ ತುಂಬಿದ. ಬಾಲಮ್ಮ ಹಾಸಿಗೆಯ ಹಗ್ಗ ಬಿಚ್ಚುತ್ತಿದ್ದಳು. ಅವನು ಪೆಟ್ಟಿಗೆ ಎತ್ತಿಕೊಂಡು ಸ್ಕೂಟರಿನ ಕಡೆ ಹೊರಟಾಗ ಅಮರಪ್ಪ ಹಿಂದಿನಿಂದ ಬಂದ.

"ಸಾಹೇಬ್ರ, ಇನ್ನೊಂದು ಮಾತ್ರಿ..."

ಅಜ್ಮತ್‌ನ ಬೆರಳು ತಾನಾಗಿಯೇ ತುಟಿಯ ಕಡೆ ಎದ್ದಿತು. ಅರ್ಧದಲ್ಲೇ ಅದನ್ನು ಇಳಿಸಿದ.

"ಹೇಳಪ್ಪಾ."

"ಆವತ್ತ ನೀವು ಒಳಗ ತುರುಕಿದ್ದು ಎರಡು ಬಟ್ಟಿ ಇದ್ವುರಿ."

ಅಜ್ಮತ್ ಪೆಟ್ಟಿಗೆಯನ್ನು ಕೆಳಗಿಟ್ಟ. ಆಫೀಸಿನ ಬಾಗಿಲಲ್ಲಿ ಮುತ್ತಣ್ಣ ನೋಡುತ್ತಾ ನಿಂತಿದ್ದ. ಅಜ್ಮತ್ ಎಣ್ಣೆ ಬಸಿಯುವ ತಟ್ಟೆಯನ್ನು ಮತ್ತೆ ಟ್ರ್ಯಾಕ್ಟರಿನ ಅಡಿಗೆ ತಳ್ಳಿ, ಮಂಡಿಯೂರಿ ಕುಳಿತು, "ಯಾವ ಕಡೆ ಬಿತ್ತು, ತೋರ್ಸು," ಎಂದ.