ಉಬ್ಬದ ಕೈ

ಕಂಪ್ಲಿಯ ಹೆಣ್ಣುಮಕ್ಕಳ ಹೈಸ್ಕೂಲಿನ ಹೆಡ್‌ಮಾಸ್ಟರ್ ಕೊಟ್ರಯ್ಯನವರಿಗೆ ಒಂದು ಚಾಳಿಯಿತ್ತು. ಯಾರಾದರೂ ಮೆತ್ತಗೆ ಮಾತಾಡಿದರೆ ಅವರ ಮಾತನ್ನು ಕಸಿದುಕೊಂಡು, ನಾಲ್ಕು ಓಣಿಗೆ ಕೇಳುವ ಹಾಗೆ ಇನ್ನೊಮ್ಮೆ ಹೇಳುವುದು. ಹೇಳುವಾಗ ತಮ್ಮದನ್ನೂ ಒಂದಿಷ್ಟು ಸೇರಿಸುವುದು. ಅವರ ಅಕ್ಕನ ಮಗಳು ನೀಲಗಂಗಾಳೋ, ಹೊಸಪೇಟೆಯ ಮನೆಯಲ್ಲಿ ಪಕ್ಕದಲ್ಲಿ ಕೂತವರಿಗೂ ಕೇಳಿಸದಂತೆ ಮಾತಾಡಿ ಬೆಳೆದವಳು. ಇಬ್ಬರನ್ನೂ ಒಂದೇ ಕಟ್ಟೆಯ ಮೇಲೆ ನಿಲ್ಲಿಸಿದ್ದೇ ತಾಪತ್ರಯಕ್ಕೆಲ್ಲ ಮೂಲವಾಯಿತು.

ನೀಲಗಂಗಾ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಇಲಿಯ ಮೂಳೆಯೊಳಗಿನ ಮಜ್ಜೆ ತೆಗೆದು, ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅದರ ತಾಯಿಕೋಶಗಳು ಒಡೆಯುತ್ತ ಒಡೆಯುತ್ತ ರಕ್ತದ ಬಿಳಿಕೋಶಗಳಾಗುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕೂರುವುದು ಅವಳ ಕೆಲಸ. ತಾಯಿಕೋಶಗಳು ಯಾರ ಮನೆಯವಳು ಎಂದು ಕೇಳುವುದಿಲ್ಲ, ಮದುವೆ ಯಾವಾಗ ಎನ್ನುವುದಿಲ್ಲ. ಅವಳಿಗೆ ಅಷ್ಟರಲ್ಲೇ ಸುಖವಿತ್ತು. ಆದರೆ ಅಲ್ಲಿನ ಮುಖ್ಯಸ್ಥರಿಗೆ ಬಿಳಿಕೋಶಗಳ ನೆನಪಿನ ಶಕ್ತಿಯನ್ನು ಮನುಷ್ಯರಲ್ಲೂ ನೋಡುವ ಮನಸ್ಸಾಯಿತು. ಶಾಲೆಯ ಮಕ್ಕಳಿಗೆ ಕ್ಷಯದ ಬಗ್ಗೆ ತಿಳಿಸಿ ಹೇಳಬೇಕು. ಮುಂಗೈ ಚರ್ಮದೊಳಗೆ ಒಂದು ಹನಿ ಔಷಧ ಚುಚ್ಚಬೇಕು. ಮೂರನೇ ದಿನ ಅದು ಎಷ್ಟು ಗಟ್ಟಿಯಾಗಿ ಉಬ್ಬಿದೆ ಎಂದು ಅಳೆಯಬೇಕು. ಕ್ಷಯದ ಕ್ರಿಮಿಯನ್ನು ಒಮ್ಮೆ ಎದುರಿಸಿದ ಬಿಳಿಕೋಶಗಳು ಅದರ ಗುರುತು ಮರೆಯುವುದಿಲ್ಲ, ಚುಚ್ಚಿದ ಜಾಗಕ್ಕೆ ಓಡಿಬಂದು ಕೂಡುತ್ತವೆ, ಅದಕ್ಕೇ ಉಬ್ಬು. ಹೆಚ್ಚು ಉಬ್ಬಿದವರಿಗೆ ಹೊಸಪೇಟೆ ಆಸ್ಪತ್ರೆಯಲ್ಲಿ ಎದೆಯ ಎಕ್ಸರೆ. "ನೀನು ಆ ಕಡೆಯವಳೇ ಅಲ್ಲವೇನಮ್ಮ" ಎಂದು ಅವಳನ್ನೇ ಅಟ್ಟಿದರು.

ಮೊದಲ ದಿನ ಶಾಲೆಯ ಅಂಗಳದಲ್ಲಿ ಹುಡುಗಿಯರನ್ನೆಲ್ಲ ಕೂಡಿಸಿ ಕೊಟ್ರಯ್ಯನವರು ಸೋದರಸೊಸೆಯನ್ನು ಮುಂದೆ ತಳ್ಳಿದರು. ನೀಲಗಂಗಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಎದುರಿನ ಬೇವಿನ ಮರಕ್ಕೆ ಹೇಳುವವಳ ಹಾಗೆ ಶುರು ಮಾಡಿದಳು.

"ನಮ್ಮ ರಕ್ತದಲ್ಲಿ ಬಿಳಿಕೋಶಗಳು ಅಂತ ಇರ್ತಾವು. ಅವು ಒಂದು ರೀತಿ ಸೈನ್ಯ ಇದ್ದ ಹಾಗೆ..."

"ಸೈನ್ಯ!" ಕೊಟ್ರಯ್ಯನವರು ಎತ್ತಿಕೊಂಡೇಬಿಟ್ಟರು. "ಕೇಳಿದ್ರ್ಯಾ? ಮೈಯಾಗ ಸೈನ್ಯ ಐತಂತ! ಸೂಜಿ ಚುಚ್ಚಿದ ಮ್ಯಾಲೆ ಯಾರ ಕೈ ಉಬ್ತದ ಅವರಿಗೆ ಸೈನ್ಯ ಐತಿ. ಉಬ್ಬಲಿಲ್ಲಾ, ಸೈನ್ಯ ಇಲ್ಲ. ಬರೇ ಖಾಲಿ ಕೋಟೆ! ನಮ್ಮ ಸಾಲ್ಯಾಗ ಅಂಥೋರು ಒಬ್ರೂ ಇರಬಾರ್ದು ಮತ್ತ!"

ಹಾಗಲ್ಲ, ಉಬ್ಬದಿದ್ದರೆ ಆ ಕ್ರಿಮಿಯನ್ನು ಇನ್ನೂ ಕಂಡಿಲ್ಲ ಎಂದಷ್ಟೇ ಅರ್ಥ, ಅದು ಒಳ್ಳೆಯದೇ ಎಂದು ನೀಲಗಂಗಾ ಹೇಳಿದಳು. ಮೊದಲ ಸಾಲಿನಲ್ಲಿ ಕೂತವರಿಗೂ ಅದು ಕೇಳಿಸಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮತೊಡಗಿದರು, ಬಿಡದೆ ಕೆಮ್ಮಿದರು. "ಯಾರ್ಲೇ ಅದು? ಹೊರಗ ಹೋಗಿ ಕೆಮ್ಮಿ ಬಾ!" ಎಂದು ಕೊಟ್ರಯ್ಯನವರು ಗದರಿದರು. ತೆಳ್ಳಗಿನ ಹುಡುಗಿಯೊಬ್ಬಳು ಎದ್ದು ಗೋಡೆಯಾಚೆ ಹೋದಳು. ಕಾಲುವೆ ದಂಡೆಯ ಗುಡಿಸಲುಗಳಿಂದ ಬರುವ, ಎಂಟನೇ ಇಯತ್ತೆಯ ಊರಮ್ಮ.

ಆಮೇಲೆ ನರ್ಸ್ ಬಸಕ್ಕ ಒಬ್ಬೊಬ್ಬರ ಕೈಗೂ ಸೂಜಿ ಚುಚ್ಚುತ್ತ ಹೋದಳು. ನೀಲಗಂಗಾ ಒಬ್ಬೊಬ್ಬರನ್ನೂ "ಈಚೆಗೆ ಏನಾದರೂ ಜಡ್ಡಾಗಿತ್ತಾ?" ಎಂದು ಕೇಳಿದಳು. ಎಲ್ಲರೂ ಇಲ್ಲ ಎಂದರು. ಊರಮ್ಮನೂ ಇಲ್ಲ ಎಂದಳು.

ಮೂರನೇ ದಿನ ನೀಲಗಂಗಾ ಬಾಲ್ ಪೆನ್ನು, ಪ್ಲಾಸ್ಟಿಕ್ಕಿನ ಅಳತೆಪಟ್ಟಿ ಇಟ್ಟುಕೊಂಡು ಬಂದು ಕೂತಳು. ಚರ್ಮದ ಮೇಲೆ ಪೆನ್ನನ್ನು ಆಚೆಯಿಂದ ಮೆಲ್ಲಗೆ ಎಳೆದು ತಂದರೆ ಗಟ್ಟಿ ಉಬ್ಬಿನ ಅಂಚಿನಲ್ಲಿ ಅದು ತಡೆದು ನಿಲ್ಲುತ್ತದೆ; ಈಚೆಯಿಂದ ಎಳೆದರೆ ಇನ್ನೊಂದು ಅಂಚು; ನಡುವಿನದನ್ನು ಅಳೆದರೆ ಆಯಿತು. ಮೊದಲು ಬಂದವಳು ಜಂಬಮ್ಮ, ಅಕ್ಕಿ ಗಿರಣಿ ನಾಗೇಂದ್ರಪ್ಪನವರ ಮಗಳು. ಅವಳ ಮುಂಗೈ ನೋಡಿ ನೀಲಗಂಗಾಳ ಪೆನ್ನು ಕೈಯಲ್ಲೇ ಉಳಿಯಿತು. ಚರ್ಮ ಕೆಂಪಗೆ ಬೆಂದಂತಾಗಿ, ನೀರುಗುಳ್ಳೆ ಎದ್ದು, ಒಂದು ಕಡೆ ಸಿಪ್ಪೆ ಸುಲಿದಿತ್ತು. ಎರಡನೆಯವಳದೂ ಹಾಗೇ. ಮೂರನೆಯವಳದು ಮೊಣಕೈವರೆಗೆ.

"ಏನು ಹಚ್ಚಿದ್ದೀರಿ?"

ಬಸಕ್ಕ ಜಂಬಮ್ಮನ ಕೈ ಹಿಡಿದು ಮೂಗಿನ ಹತ್ತಿರ ಒಯ್ದಳು. "ಎಕ್ಕದ ಹಾಲು ಹಚ್ಚ್ಯಾವ ಮುಂಡೇವು! ಕಾಲಾಗ ಮುಳ್ಳು ಮುರುದ್ರ ಹಚ್ಚೋದು ಇದು. ಕೈಗೆ ಯಾಕ ಹಚ್ಕೊಂಡ್ರಲೇ?"

"ಮತ್ತ, ನಿನ್ನಿತನ ಉಬ್ಬಿದ್ದಿಲ್ರಿ," ಎಂದಳು ಜಂಬಮ್ಮ, ತಪ್ಪು ತನ್ನದಲ್ಲ ಎನ್ನುವ ಧಾಟಿಯಲ್ಲಿ. "ಸೈನ್ಯ ಇಲ್ಲದಾಕಿನ್ನ ನಾಳೆ ಯಾರ್ ಮಾಡ್ಕೊಂತಾರ್ರಿ? ಕಾಲುವಿ ದಂಡಿ ಮ್ಯಾಲೆ ಬೇಕಾದಷ್ಟು ಎಕ್ಕ ಐತಲ್ರಿ, ತಂದು ಎಲ್ಲಾರಿಗೂ ಹಂಚಿದ್ನಿ."

ನೀಲಗಂಗಾ ಕಣ್ಣು ಮುಚ್ಚಿಕೊಂಡಳು. ಇಲಿಗಳು ಒಮ್ಮೆಯಾದರೂ ಒಂದಕ್ಕೊಂದು ಎಕ್ಕದ ಹಾಲು ಹಂಚಿದ್ದುಂಟೇ? ಸಾಲು ಮುಂದೆ ಸರಿದಂತೆ ಬಂದ ಕೈಗಳೆಲ್ಲ ಒಂದೇ ಬಣ್ಣ, ಒಂದೇ ಗುಳ್ಳೆ. ನಿಜವಾಗಿ ಉಬ್ಬಿದ್ದು ಯಾವುದು, ಸುಟ್ಟುಕೊಂಡದ್ದು ಯಾವುದು ಎಂದು ಪೆನ್ನಿಗೂ ತಿಳಿಯದು, ಬೆರಳಿಗೂ ತಿಳಿಯದು. ಬೆಂಗಳೂರಿಗೆ ಹೋಗಿ ಏನೆಂದು ಹೇಳುವುದು? ಅದು ಹಾಳಾಗಲಿ, ಕಾಯಿಲೆ ಇರುವವಳನ್ನು ಈ ಗುಂಪಿನಲ್ಲಿ ಹುಡುಕುವುದು ಹೇಗೆ?

ಅಷ್ಟರಲ್ಲಿ ಕೊಟ್ರಯ್ಯನವರು ಬಂದು ಕೈಗಳ ಮೇಲೊಮ್ಮೆ ಕಣ್ಣಾಡಿಸಿದರು. "ಭಲೇ! ನೂರಕ್ಕ ನೂರು!"

"ಮಾಮಾ, ಇದು ಪರೀಕ್ಷೆ ಅಲ್ಲ..."

"ಪರೀಕ್ಷೆ ಅಲ್ಲಂತ ನೀ ಅಂತಿ. ನಾಗೇಂದ್ರಪ್ಪನೋರು ಜೀಪು ಕಳ್ಸ್ಯಾರ, ಇವತ್ತೊಂದಿನ ಮಾತ್ರ. ನಾಳೆಯಿಂದ ಕಬ್ಬಿನ ಕೆಲಸ, ಜೀಪು ಸಿಗಂಗಿಲ್ಲ. ಭಾಳ ಉಬ್ಬಿದವರನ್ನ ಆರಿಸಿ ಹತ್ಸು. ಜಲ್ದಿ!"

ಸಾಲಿನ ಕೊನೆಗೆ ಊರಮ್ಮ ಬಂದಳು. ಅವಳ ಮುಂಗೈ ತಟ್ಟೆಯಷ್ಟು ಚೊಕ್ಕವಾಗಿತ್ತು. ಸೂಜಿಯ ಚುಕ್ಕಿ ಬಿಟ್ಟರೆ ಒಂದು ಕಲೆಯಿಲ್ಲ. ಪೆನ್ನು ಎಲ್ಲೂ ತಡೆಯಲಿಲ್ಲ. ಹಿಂದೆ ಹುಡುಗಿಯರು ಕಿಸಕ್ಕನೆ ನಕ್ಕರು.

"ಇಷ್ಟೂ ಮಂದ್ಯಾಗ ನೀ ಒಬ್ಬಾಕೇನಲೇ?" ಎಂದರು ಕೊಟ್ರಯ್ಯನವರು. "ಹೋಗು, ಕ್ಲಾಸಿಗೆ ಹೋಗಿ ಕುಂದ್ರು."

ಊರಮ್ಮ ತಲೆ ತಗ್ಗಿಸಿಕೊಂಡೇ ಕೆಮ್ಮಿದಳು. ಕೆಮ್ಮುವಾಗ ಅವಳ ರವಿಕೆಯ ಕೊರಳ ಬಳಿ ಎಲುಬುಗಳು ಎದ್ದು ಕಂಡವು. ನೀಲಗಂಗಾ ಅವಳ ಕೈ ಬಿಡಲಿಲ್ಲ, ಬಿಸಿಯಾಗಿತ್ತು.

"ಎಲ್ಲರೂ ಎಕ್ಕ ಹಚ್ಚಿಕೊಂಡರು. ನೀನು ಯಾಕೆ ಹಚ್ಚಿಕೊಳ್ಳಲಿಲ್ಲ?"

"ಜಂಬಮ್ಮ ಕೊಟ್ಟಿದ್ಲ್ರಿ. ಅಮ್ಮ ಬಂದು ಹ್ವಾದ ಮ್ಯಾಲೆ ಎಕ್ಕ ಮುಟ್ಟಬಾರ್ದಂತ್ರಿ. ನಮ್ಮವ್ವ ಬೈತಾಳ್ರಿ."

"ಅಮ್ಮ ಬಂದಿದ್ದಳಾ? ಯಾವಾಗ?"

"ಹ್ವಾದ ಅಮಾಸಿ ಮುಂದ್ರಿ. ಮೈ ತುಂಬ ಸಣ್ಣ ಸಣ್ಣವು ಕೆಂಪಗ ಎದ್ದಿದ್ವು. ಕಣ್ಣಾಗ ನೀರು. ಬೇವಿನ ಸೊಪ್ಪಿನ ಮ್ಯಾಲೆ ಮಲಗಿಸಿದ್ರು. ಮೊಸರನ್ನ ಎಡೆ ಇಟ್ಟು ಕಳಿಸಿಕೊಟ್ವಿ. ಆವಾಗಿಂದ ಈ ಕೆಮ್ಮು."

ದಡಾರ. ನೀಲಗಂಗಾಳಿಗೆ ಹಣೆ ಚಚ್ಚಿಕೊಳ್ಳುವಂತಾಯಿತು. "ಮೊನ್ನೆ ಜಡ್ಡಾಗಿತ್ತಾ ಅಂತ ಕೇಳಿದೆನಲ್ಲೇ! ಇಲ್ಲ ಅಂದೆಯಲ್ಲ!"

ಊರಮ್ಮ ಗಾಬರಿಯಿಂದ ಅವಳನ್ನು ನೋಡಿದಳು. "ಜಡ್ಡಾಗಿತ್ತೇನಂತ ಕೇಳಿದ್ರಿ. ಅಮ್ಮನ್ನ ಜಡ್ಡು ಅಂತಾರೇನ್ರಿ?"

ಬಸಕ್ಕ ಕೂಡ ಅಮ್ಮನಿಗೆ ತಪ್ಪಾಯಿತೆಂದು ಗಲ್ಲ ಗಲ್ಲ ಬಡಿದುಕೊಂಡಳು. ಇಪ್ಪತ್ತು ವರ್ಷ ಸೂಜಿ ಹಿಡಿದವಳು! ನೀಲಗಂಗಾ ಯಾರ ಮೇಲೆ ಸಿಟ್ಟಾಗುವುದೆಂದು ತಿಳಿಯದೆ ತನ್ನ ಮೇಲೇ ಆದಳು. ಕೇಳಬೇಕಾದದ್ದು ಹಾಗಲ್ಲ. ಹೊಸಪೇಟೆಯಲ್ಲಿ ಹುಟ್ಟಿ ಬೆಳೆದೂ ಇಷ್ಟು ತಿಳಿಯದೆ ಹೋಯಿತೇ? ಅವಳ ಮನೆಯಲ್ಲೇ ಅಮ್ಮ ಬಂದರೆ ಡಾಕ್ಟರ ಹೆಸರೆತ್ತುತ್ತಿರಲಿಲ್ಲ.

ದಡಾರ ಬಂದು ಹೋದ ಮೈಯಲ್ಲಿ ಬಿಳಿಕೋಶಗಳು ಕೆಲವು ವಾರ ಮಂಕು ಹಿಡಿದಂತೆ ಇರುತ್ತವೆ. ಹಳೆಯ ಗುರುತೆಲ್ಲ ಮರೆತಿರುತ್ತವೆ. ಸೂಜಿ ಚುಚ್ಚಿದರೂ ಓಡಿ ಬರುವುದಿಲ್ಲ, ಕೈ ಉಬ್ಬುವುದಿಲ್ಲ. ಆದರೆ ಎದೆಯಲ್ಲಿ ಎಂದಿನಿಂದಲೋ ಅಡಗಿ ಮಲಗಿದ್ದ ಕ್ಷಯ ಅದೇ ಸಮಯ ನೋಡಿ ತಲೆ ಎತ್ತುತ್ತದೆ. ಉಬ್ಬಿದವರಿಗಷ್ಟೇ ಎಕ್ಸರೆ ಎಂದು ಬೆಂಗಳೂರಿನಲ್ಲಿ ಕೂತು ಬರೆದವರಿಗೆ ಇದು ತಿಳಿದಿತ್ತು, ಅವಳಿಗೂ ತಿಳಿದಿತ್ತು. ತಿಳಿದದ್ದು ಗಾಜಿನ ತಟ್ಟೆಯ ಪಕ್ಕದಲ್ಲೇ ಉಳಿದುಹೋಗಿತ್ತು.

ಹೊರಗೆ ಜೀಪು ಶುರುವಾದ ಸದ್ದು. ಹೋಗಿ ನೋಡಿದರೆ ಕೊಟ್ರಯ್ಯನವರು ತಾವೇ ಆರಿಸಿ ಹುಡುಗಿಯರನ್ನು ತುಂಬಿಬಿಟ್ಟಿದ್ದರು. ಮುಂದಿನ ಸೀಟಿನಲ್ಲಿ ಜಂಬಮ್ಮ ಗುಳ್ಳೆಯೆದ್ದ ಕೈಯನ್ನು ಬಾಗಿಲ ಮೇಲಿಟ್ಟು, ಎಲ್ಲರಿಗೂ ಕಾಣುವ ಹಾಗೆ ಕೂತಿದ್ದಳು.

"ಮಾಮಾ, ಊರಮ್ಮ ಹೋಗಲೇಬೇಕು," ಎಂದಳು ನೀಲಗಂಗಾ. "ಅವಳಿಗೆ ಅಮ್ಮ ಬಂದಿತ್ತಂತೆ, ಅದಕ್ಕೇ ಕೈ ಉಬ್ಬಿಲ್ಲ..."

ಕೊಟ್ರಯ್ಯನವರು ಅರ್ಧಕ್ಕೇ ಎತ್ತಿಕೊಂಡರು. "ಕೇಳ್ರಲೇ! ಊರಮ್ಮಗ ಅಮ್ಮ ಬಂದಿತ್ತಂತ! ಆಕಿನ್ನ ಯಾರೂ ಮುಟ್ಟಬ್ಯಾಡ್ರಿ, ಆಕಿ ಜೀಪು ಹತ್ತೋದೂ ಬ್ಯಾಡಂತ, ನಮ್ಮ ನೀಲಾ ಹೇಳಾಕತ್ಯಾಳ!"

ಜೀಪಿನೊಳಗಿನ ಹುಡುಗಿಯರು ಒತ್ತಿಕೊಂಡು ಹಿಂದೆ ಸರಿದರು. ಬಾಗಿಲಲ್ಲಿ ನಿಂತಿದ್ದ ಊರಮ್ಮ ತಿರುಗಿ ಕ್ಲಾಸಿನ ಕಡೆ ನಡೆದಳು. ಬರಬಾರದು ಎಂದರೆ ಬರಬಾರದು. ಅವಳಿಗೆ ಅದು ಹೊಸದಾಗಿರಲಿಲ್ಲ.

"ಮಾಮಾ! ಒಂದ್ಸಲ ಬಾಯಿ ಮುಚ್ರಿ!"

ಕೂಗಿದ್ದು ಯಾರೆಂದು ಎಲ್ಲರೂ ಸುತ್ತ ನೋಡಿದರು. ಡ್ರೈವರ್ ಅಂಜಿನಯ್ಯ ಜೀಪನ್ನೇ ಆಫ್ ಮಾಡಿದ.

"ನಾ ಹೇಳಿದ್ದು ಅದಲ್ಲ," ಎಂದಳು ನೀಲಗಂಗಾ, ಅದೇ ದನಿಯಲ್ಲಿ. "ನೀವು ಎಲ್ಲಾನೂ ಅರ್ಧ ಕೇಳ್ತೀರಿ, ಒಂದಕ್ಕ ಎರಡು ಸೇರಿಸಿ ಹೇಳ್ತೀರಿ. ಈ ಹುಡುಗೇರ ಕೈ ಎಕ್ಕದ ಹಾಲಿಗೆ ಸುಟ್ಟಾವ, ಅಷ್ಟ. ತೊಳ್ದು ಎಣ್ಣಿ ಹಚ್ರಿ, ಮಾದ ಮ್ಯಾಲೆ ಇವರನ್ನ ಇನ್ನೊಮ್ಮೆ ನೋಡ್ತೀನಿ. ಇವತ್ತೇ ಎಕ್ಸರೆ ಬೇಕಾಗಿರೋದು ಆಕಿಗೆ. ಊರಮ್ಮಾ, ಇಲ್ಲಿ ಬಾ. ಜಂಬಮ್ಮಾ, ನೀ ಇಳಿ."

"ನಮ್ಮಪ್ಪಂದ್ರಿ ಜೀಪು," ಎಂದಳು ಜಂಬಮ್ಮ.

"ಜೀಪು ನಿಮ್ಮಪ್ಪಂದು. ಗುಳ್ಳಿ ಎಕ್ಕದ್ದು. ಇಳಿ!"

ಜಂಬಮ್ಮ ಇಳಿದಳು. ಉಳಿದವರನ್ನು ಬಸಕ್ಕ ರಟ್ಟೆ ಹಿಡಿದು ಇಳಿಸಿದಳು. "ಊರಮ್ಮನ ಅವ್ವ ಗದ್ದ್ಯಾಗ ಅದಾಳ, ಆಕಿಗೆ ನಾ ಹೇಳ್ತೀನಿ. ನೀವು ನಡೀರಿ ಯವ್ವಾ," ಎಂದಳು. ಕೊಟ್ರಯ್ಯನವರು ಬೇವಿನ ಮರದ ಕೆಳಗೆ ಹೋಗಿ ನಿಂತು, "ನಮ್ಮಕ್ಕಗ ಹೇಳ್ತೀನಿ, ತಡಿ," ಎಂದು ಮೆತ್ತಗೆ ಹೇಳಿದರು. ಅಷ್ಟು ಮೆತ್ತಗಿನ ಮಾತು ಅವರಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ.

ಹೊಸಪೇಟೆ ಆಸ್ಪತ್ರೆಯ ಡಾಕ್ಟರು ಊರಮ್ಮನ ಮುಂಗೈ ತಿರುಗಿಸಿ ನೋಡಿ ಮುಖ ಸಿಂಡರಿಸಿದರು. "ಏನ್ರಿ ಇದು, ಉಬ್ಬೇ ಇಲ್ಲ. ಫಿಲಂ ಎಷ್ಟು ಕಷ್ಟಪಟ್ಟು ತರಿಸ್ತೀವಿ ಗೊತ್ತೇನು? ಉಬ್ಬಿದವರನ್ನ ಕರ್ಕೊಂಡು ಬರ್ರಿ."

ನೀಲಗಂಗಾ ಇನ್ನೊಮ್ಮೆ ಎಲ್ಲ ಹೇಳಿದಳು. ದಡಾರ, ಮಂಕಾದ ಬಿಳಿಕೋಶ, ಕೆಮ್ಮು, ಜ್ವರ. ಅವರು ನಡುವೆ ಬಾಯಿ ಹಾಕಿದಾಗ ತಡೆದು, ಮತ್ತೆ ಮೊದಲಿನಿಂದ ಹೇಳಿದಳು. ಕೊನೆಗೆ ಡಾಕ್ಟರು ಬೇಸತ್ತು, "ಆಯ್ತಮ್ಮಾ, ತೆಗಿಯೋಣ, ನಿಮ್ಮ ಕಾಟ ತಪ್ಪಲಿ," ಎಂದು ಎಕ್ಸರೆ ಕೋಣೆಗೆ ಕಳಿಸಿದರು.

ಒದ್ದೆ ಫಿಲಂ ಕ್ಲಿಪ್ಪಿನಲ್ಲಿ ತೂಗುತ್ತ ಬಂತು. ಡಾಕ್ಟರು ಅದನ್ನು ಕಿಟಕಿಗೆ ಹಿಡಿದರು. ಬಲಗಡೆ ಮೇಲ್ಭಾಗದಲ್ಲಿ ಹತ್ತಿ ಹಿಂಜಿ ಅಂಟಿಸಿದಂತೆ ಬೆಳ್ಳನೆಯ ಮಬ್ಬು. ಅವರು ಕಾಂಪೌಂಡರನನ್ನು ಕರೆದು, "ಇವತ್ತೇ ಶುರು ಮಾಡು," ಎಂದರು. "ಇನ್ನೆರಡು ತಿಂಗಳು ಬಿಟ್ಟಿದ್ದರೆ ಕಷ್ಟ ಇತ್ತು."

ವರಾಂಡದ ಬೆಂಚಿನ ಮೇಲೆ ಊರಮ್ಮ ಅಂಗೈಯಲ್ಲಿದ್ದ ಮಾತ್ರೆಗಳನ್ನೇ ನೋಡುತ್ತ ಕೂತಳು. ಅದರಲ್ಲೊಂದು ಕೆಂಪು ಗುಳಿಗೆ, ಹುಣಸೆ ಬೀಜಕ್ಕಿಂತ ದೊಡ್ಡದು.

"ಇಷ್ಟೂ ನಾನಾ?"

"ಇಷ್ಟೂ. ದಿನಾ. ಆರಾಮ ಆತು ಅಂತ ನಡುವೆ ಬಿಡಬಾರದು. ಈ ಕೆಂಪು ಗುಳಗಿ ತಗೊಂಡ್ರ..." ನೀಲಗಂಗಾ ಆಚೀಚೆ ನೋಡಿದಳು. ಬೆಂಚಿನ ತುಂಬ ಜನ, ಎದುರಿಗೆ ನಿಂತ ಗಂಡಸರು. ಎಲ್ಲರ ಕಿವಿಯೂ ಇತ್ತಲೇ. "ಉಚ್ಚಿ ಕೆಂಪಗ ಆಗ್ತದ," ಎಂದು ಜೋರಾಗಿಯೇ ಹೇಳಿದಳು. "ರಕ್ತ ಅಲ್ಲ ಅದು, ಔಷಧದ ಬಣ್ಣ. ನಿಮ್ಮವ್ವ ಹೆದರಿ ಗುಳಗಿ ಬಿಡಿಸ್ಯಾಳು. ಏನ್ ಹೇಳ್ತಿ ಆಕಿಗೆ?"

"ಉಚ್ಚಿ ಕೆಂಪಾದ್ರ ರಕ್ತ ಅಲ್ಲ, ಸೈನ್ಯದ್ದು ಅಂತ..."

"ಸೈನ್ಯದ ಹೆಸರು ಎತ್ತಿದ್ರ ನೋಡು!"

ಊರಮ್ಮ ಬೆಚ್ಚಿ ನೀರಿನ ಲೋಟ ಎತ್ತಿಕೊಂಡಳು. ಕೆಂಪು ಗುಳಿಗೆಯನ್ನು ಬಾಯಿಗೆ ಹಾಕಿ, ಕುತ್ತಿಗೆ ಚಾಚಿ, ಕಷ್ಟಪಟ್ಟು ನುಂಗಿದಳು. ಕೆಳಗಿಳಿಯಿತು ಎಂದು ಖಾತ್ರಿಯಾಗುವವರೆಗೆ ಕಾದು, ನೀಲಗಂಗಾ ಮತ್ತೆ ಮೊದಲಿನಿಂದ ಶುರು ಮಾಡಿದಳು.

"ಹೂಂ, ಹೇಳು. ಯಾಕ ಕೆಂಪಾಗ್ತದ?"