ಬೀಳದ ಅಕ್ಕಿಕಾಳು

ಬೆಳಗಿನ ನಾಲ್ಕೂಮುಕ್ಕಾಲು, ಶುಕ್ರ ದುರ್ಬೀನಿನೊಳಗೆ ಸಿಕ್ಕಿದ್ದಾನೆ, ಹೋಳು ಮಾಡಿದ ಲಿಂಬೆಹಣ್ಣಿನ ಹಾಗೆ ಸರಿಯಾಗಿ ಅರ್ಧ, ಗಾಳಿ ಇನ್ನೂ ಬಿಸಿಯಾಗಿಲ್ಲ, ಅಂಚು ನಡುಗುತ್ತಿಲ್ಲ, ಒಳ್ಳೆಯದು, ಇನ್ನು ಬಿಡಬಾರದು, ಹೊತ್ತು ಹುಟ್ಟಿದ ಮೇಲಂತೂ ಬಿಡಲೇಬಾರದು, ಒಮ್ಮೆ ತಪ್ಪಿದರೆ ಅಷ್ಟು ದೊಡ್ಡ ನೀಲಿಯಲ್ಲಿ ಮತ್ತೆ ಎಲ್ಲಿ ಹುಡುಕುವುದು, ಆಗಾಗ ತಿರುಪು ಇಷ್ಟಿಷ್ಟೇ ತಿರುಗಿಸುತ್ತಿದ್ದರೆ ಚುಕ್ಕಿ ನಡುವೆಯೇ ಉಳಿಯುತ್ತದೆ, ಮಧ್ಯಾಹ್ನ ವಧೂವರರ ಮೇಲೆ ಅಕ್ಕಿಕಾಳು ಬೀಳುವತನಕ ಉಳಿದರೆ ಸಾಕು — ಹೀಗೆ ಅಂದುಕೊಳ್ಳುತ್ತ ಶಾಂತಕುಮಾರ, ಕಿಣ್ಣಿ ಸುಲ್ತಾನ ಎಂಬ ಊರಿನ ಅಕ್ಕನ ಮನೆಯ ಮಾಳಿಗೆಯ ಮೇಲೆ ಗೋಣಿಚೀಲ ಹಾಸಿ ಕೂತಿದ್ದಾನೆ. ಕೆಳಗೆ ಒಲೆ ಹೊತ್ತಿವೆ, ಹುಗ್ಗಿಯ ಬೆಲ್ಲದ ವಾಸನೆ ಮೇಲಕ್ಕೆ ಬರುತ್ತಿದೆ. ಇವತ್ತು ಅಕ್ಕನ ಮಗಳು ಭುವನೇಶ್ವರಿಯ ಮದುವೆ. ತಿಂಗಳ ಹಿಂದೆ ಅಫಜಲಪುರದ ಅವನ ಕನ್ನಡಕದ ಅಂಗಡಿಗೆ ಬಂದಿದ್ದಳು, ಗಿರಾಕಿ ಎದ್ದುಹೋಗುವತನಕ ಕಾದು ಕೇಳಿದಳು, ಮಾಮಾ, ಲಗ್ನದಾಗ ಅಯ್ಯನವರು ಮಟಮಟ ಮಧ್ಯಾಹ್ನ ಅರುಂಧತಿ ತೋರಸ್ತಾರಲ್ಲ, ಎಲ್ಲಾರೂ ಕಂಡತು ಅಂತಾರ, ಖರೇ ಅಂದ್ರ ಯಾರಿಗೂ ಕಾಣಂಗಿಲ್ಲ, ಹೌದಿಲ್ಲೊ? ಹೌದವ್ವ, ಅದು ಹಗಲಿಗೆ ಕಾಣೂ ಚುಕ್ಕಿ ಅಲ್ಲ. ಮತ್ತ ಗಂಡನ ಮಗ್ಗಲಕ ನಿಂತು ನಾ ಆಡೂ ಮೊದಲನೇ ಮಾತೇ ಸುಳ್ಳಾಗ್ಬೇಕೇನು? ಖರೇ ಕಾಣೂದು ಯಾವುದರೆ ಒಂದು ತೋರ್ಸು, ಇಲ್ಲಾಂದ್ರ ಮಂದ್ಯಾಗ ಕಾಣಲಿಲ್ಲ ಅಂತೇನಿ. ಅಂದೇ ಅನ್ನುವವಳು, ಐದು ವರ್ಷದವಳಿದ್ದಾಗಲೇ ಬೀಗರೆದುರು ನಿಮ್ಮ ಚಹಾ ಆರೇದ್ರಿ ಎಂದವಳು. ಯಡ್ರಾಮಿಯ ಬೀಗರೋ, ಸಣ್ಣ ಮಾತನ್ನೂ ಹತ್ತು ವರ್ಷ ನೆನಪಿಡುವ ಜನ. ಹಗಲಿಗೆ ಕಾಣೂದು ಶುಕ್ರ ಒಂದೇ ಅವ್ವ, ಅದನ್ನ ತೋರಸ್ತೇನಿ, ಎಂದು ಮಾತು ಕೊಟ್ಟುಬಿಟ್ಟ. ನಿನ್ನೆ ಸಂಜೆ ಮೊಬೈಲಿನಲ್ಲಿ ದಿಕ್ಕು ನೋಡಿ, ನಾಳೆ ಹನ್ನೆರಡೂಮುಕ್ಕಾಲಿಗೆ, ಅರುಂಧತಿ ತೋರಸೂ ಹೊತ್ತಿಗೆ, ನೀರಿನ ಟಾಕಿಯ ಎಡಕ್ಕ ಒಂದು ಗೇಣು ಮ್ಯಾಲ ಇರ್ತದ, ಎಂದೂ ಅವಳಿಗೆ ಹೇಳಿದ್ದ, ದುರ್ಬೀನು ಕೈಕೊಟ್ಟರೂ ಇರಲಿ ಎಂದು.

ಹೊತ್ತು ಏರಿತು, ಆಕಾಶ ಬೆಳ್ಳಗಾಗಿ ಆಮೇಲೆ ನೀಲಿಯಾಯಿತು, ಚುಕ್ಕಿ ಬರಿಗಣ್ಣಿಗೆ ಅಕ್ಕಿಕಾಳಿನಷ್ಟಾಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಇಲ್ಲವಾಯಿತು, ದುರ್ಬೀನಿನೊಳಗೆ ಮಾತ್ರ ಇದೆ, ಇದೆ, ಇದೆ. ಜನರೇಟರಿನ ಅಲ್ತಾಫ, ಆಳಂದದಲ್ಲಿ ಒಟ್ಟಿಗೆ ಓದಿದವನು, ವೈರು ಎಳೆಯಲು ಮೇಲೆ ಬಂದು, ಕ್ಯಾ ಶಾಂತೂ, ಹೆಣ್ಣಿನ ಸೋದರಮಾವ ನೀನು, ಬೀಗರಿಗೆ ಹಗಲ ಚುಕ್ಕಿ ತೋರ್ಸಾಕ ಕುಂತೀಯೇನೋ, ಎಂದು ನಕ್ಕ, ಒಂದು ಕಣ್ಣು ಮುಚ್ಚಿ ನೋಡಿ ನಗು ನಿಲ್ಲಿಸಿದ, ಅರೆ, ಚಂದಾಮಾಮನ ಮರಿ ಅದಲ್ಲೋ. ಹೊಟ್ಟೆ ಹಸಿದಿದೆ, ಉಪ್ಪಿಟ್ಟು ಮೇಲಕ್ಕೇ ಬಂತು, ಎಡಗೈಯಲ್ಲಿ ತಿಂದ, ಬಲಗೈ ತಿರುಪಿನ ಮೇಲೆ. ಎಲ್ಲ ಸರಿ ಇದೆ, ಇಷ್ಟು ಸುಖದ ಮುಂಜಾನೆ ಯಾವಾಗ ಸಿಕ್ಕಿತ್ತು — ಆಗಲೇ ಅಕ್ಕ ಗೌರಾಬಾಯಿ ಮೆಟ್ಟಿಲ ಬುಡದಿಂದ, ಶಾಂತೂ, ಸೋದರಮಾವ ರಟ್ಟಿ ಹಿಡೀಲಾರದ ಹುಡುಗಿ ಹಂದರಕ್ಕ ಹ್ಯಾಂಗ ಬರ್ತಾಳೋ, ಇಳಿ ಕೆಳಗ! ಇಳಿದ, ರಟ್ಟೆ ಹಿಡಿದು ಕರೆತಂದು ನಿಲ್ಲಿಸಿದ, ಅವಳ ಬಾಸಿಂಗ ಅಲುಗುತ್ತಿತ್ತು, ಚುಕ್ಕಿ ಸಿಕ್ತೇನು ಮಾಮಾ, ಸಿಕ್ತವ್ವ, ಎರಡೆರಡು ಮೆಟ್ಟಿಲು ಹಾರಿ ಮತ್ತೆ ಮೇಲೆ ಹೋದರೆ ದುರ್ಬೀನಿನ ಮೇಲೆ ಹಳದಿ ಸೀರೆ. ಮದುಮಗಳ ಸುರಗಿ ಸ್ನಾನದ ನೀರಿನಲ್ಲಿ ನೆನೆದ ಅರಿಸಿನದ ಸೀರೆ, ನೀರು ತೊಟ್ಟಿಕ್ಕುತ್ತಿದೆ, ಕೊಳವೆ ಭಾರಕ್ಕೆ ನೆಲ ನೋಡುತ್ತಿದೆ, ದೊಡ್ಡವ್ವ ನಿಂಬೆವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ಮೂರ ಕಾಲಿನ ಗೂಟ ಗಟ್ಟಿ ಅದ ನೋಡಪ್ಪ, ಬಿಸಲೂ ಚಲೋ ಅದ, ಲಗೂ ಒಣಗ್ತದ. ದೊಡ್ಡವ್ವ! ಯಾಕೋ, ಏನಾತು? ಏನಿಲ್ಲ. ಸೀರೆ ತೆಗೆದ, ಗಾಜು ಒರೆಸಿದ, ಹುಡುಕಿದ, ನೀಲಿ, ಬರೀ ನೀಲಿ, ಬೆವರು ಕಣ್ಣಿಗಿಳಿಯುತ್ತಿದೆ, ಕೆಳಗೆ ಬಾಜಾ ಜೋರಾಯಿತು, ಅಕ್ಕಿಕಾಳು ಬಿದ್ದವು.

ಕೆಳಗೆ ಬಂದಾಗ ಅಯ್ಯನವರು ಆಗಲೇ ವಧೂವರರನ್ನು ಹಂದರಗಂಬದ ಹತ್ತಿರ, ಬಯಲಿಗೆ ತಂದಿದ್ದರು, ಉತ್ತರಕ್ಕೆ ಬೆರಳು ಮಾಡಿ, ಅಗೋ ಅರುಂಧತಿ, ಕಂಡತೇನಪ್ಪ? ಕಂಡತ್ರಿ, ಎಂದ ಮದುಮಗ ಅನೀಲಕುಮಾರ, ಕತ್ತನ್ನೂ ಎತ್ತದೆ. ನಿನಗವ್ವ? ಇಲ್ರಿ ಅಯ್ಯನವರ, ಕಾಣವಲ್ದು. ಬಾಜಾದವನ ಕೋಲು ಗಾಳಿಯಲ್ಲೇ ನಿಂತಿತು, ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು, ಬೀಗರ ಕಡೆಯ ಹೆಂಗಸೊಬ್ಬಳು, ಮಾವ ಕನ್ನಡಕದಂವ ಇದ್ದೂ ಹುಡುಗಿ ಕಣ್ಣು ಹಿಂಗೇನ್ರೆವ್ವ? ಭುವನೇಶ್ವರಿ ಶಾಂತಕುಮಾರನ ಕಡೆ ನೋಡಿದಳು, ಅವನು ಇಲ್ಲವೆಂದು ತಲೆಯಾಡಿಸಿದ, ಅವಳು ಬಾಸಿಂಗ ಹಿಂದಕ್ಕೆ ಸರಿಸಿ ಟಾಕಿಯ ಕಡೆ ತಿರುಗಿದಳು, ಬಹಳ ಹೊತ್ತು, ತೋಳಿನ ಮೇಲಿನ ಅಕ್ಕಿಕಾಳುಗಳು ಒಂದೊಂದೇ ಉದುರುತ್ತಿದ್ದವು, ಆಮೇಲೆ, ಕಂಡತು, ಚುಕ್ಕಿ ಕಂಡತ್ರಿ. ಬಾಜಾ ಶುರುವಾಯಿತು. ಅವನೂ ಟಾಕಿಯ ಎಡಕ್ಕೆ, ಒಂದು ಗೇಣು ಮೇಲೆ, ಕಣ್ಣು ಕಿರಿದು ಮಾಡಿ ನೋಡಿದ — ಏನೂ ಇರಲಿಲ್ಲ.

ರಾತ್ರಿ ಒಂಬತ್ತು, ಮಾಳಿಗೆಯ ಮೇಲೆ ಈಗ ತಂಪು, ಉತ್ತರಕ್ಕೆ ಸಪ್ತರ್ಷಿಗಳು, ವಸಿಷ್ಠನ ಮಗ್ಗುಲಿಗೆ ನಿಜವಾದ ಅರುಂಧತಿ ಕಿರಿದಾಗಿ, ಹಗಲೆಲ್ಲ ಸುಳ್ಳು ಹೇಳಿಸಿ ಈಗ ಏನೂ ಅರಿಯದವಳ ಹಾಗೆ, ಹೊಟ್ಟೆ ತುಂಬ ಹುಗ್ಗಿ, ಕಾಲು ನೋವು, ಸಂತೋಷವೇ, ಒಂದನ್ನು ಬಿಟ್ಟರೆ. ಕಂಡತು ಅಂದಳಲ್ಲ, ಎಲ್ಲರ ಹಾಗೆ ಅಂದಳೇ, ನನ್ನ ಮುಖ ನೋಡಿ ಅಂದಳೇ, ಹಾಗಾದರೆ ಅವಳಿಂದ ಆ ಸುಳ್ಳು ಹೇಳಿಸಿದವನು ನಾನೇ ಆದೆನಲ್ಲ. ಫೋನು ಹೊಡೆದುಕೊಂಡಿತು, ಯಡ್ರಾಮಿಯಿಂದ ಅವಳೇ, ಮಾಮಾ, ಮುಟ್ಟೀವಿ, ಇಬ್ಬರೂ ಮಾಳಗಿ ಮ್ಯಾಲ ಅದೀವಿ, ಇವರಿಗೆ ಅರುಂಧತಿ ತೋರಸಾಕತ್ತೇನಿ, ಈಗ ಖರೇ ಕಂಡತಂತ, ಮಧ್ಯಾಹ್ನದ್ದು ಮಾಫ್ ಮಾಡು ಅಂತಾರ — ಹಿಂದಿನಿಂದ ಹುಡುಗನ ನಗು. ಅವ್ವ, ಒಂದು ಮಾತು, ನಿನಗ ಖರೇ ಕಂಡಿತ್ತೇನು? ಕಂಡಿತ್ತು ಮಾಮಾ, ಆದ್ರ ನೀ ಎಡಕ್ಕ ಅಂದಿದ್ದಿ, ಅದು ಬಲಕ್ಕಿತ್ತು, ಅದಕ್ಕ ಅಷ್ಟು ತಡ ಆತು, ಒಂದು ಅಕ್ಕಿಕಾಳು ಕೆಳಗ ಬೀಳಲಾರದ ಅಲ್ಲೇ ಉಳದಂಗ ಇತ್ತು. ಬಲಕ್ಕೆ. ನಿನ್ನೆ ನಾನು ದಿಕ್ಕು ನೋಡಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವಳು ನಿಂತದ್ದು ಹಂದರಗಂಬದ ಬುಡದಲ್ಲಿ, ಅಲ್ಲಿಂದ ಟಾಕಿ ಸರಿದು ಕಾಣುತ್ತದಲ್ಲ, ಚುಕ್ಕಿ ಬಲಕ್ಕೆ ಬೀಳಬೇಕು, ಬಿದ್ದಿರಬೇಕು, ಫೋನು ಇಟ್ಟ ಮೇಲೂ ಅದೇ, ಟಾಕಿ, ಬಲಕ್ಕೆ, ನೀಲಿಯಲ್ಲಿ ಒಂದು ಅಕ್ಕಿಕಾಳು, ಬೀಳದೆ.

ಮರುದಿನ ಹನ್ನೆರಡೂಮುಕ್ಕಾಲಿಗೆ ಅವನು ಹಂದರಗಂಬದ ಬುಡದಲ್ಲಿ ನಿಂತ. ಟಾಕಿಯ ಬಲಕ್ಕೆ ಇತ್ತು.