ಮನೆಯೊಳಗಿನ ಪರಪುರುಷ

ಮಳೆ ನಿಂತ ಮೇಲಿನ ಸಾಯಂಕಾಲ... ಮುಗಿಲಿನ ಅಂಚಿನಿಂದ ಜಾರಿದ ಹೊಂಬಿಸಿಲು ಒದ್ದೆ ಬೀದಿಯ ಕಲ್ಲುಗಳ ಮೇಲೆ ಹರಡಿ, ಅಂಗಡಿಸಾಲಿನ ಗಾಜುಗಳನ್ನೆಲ್ಲ ಬೆಳಗಿಸಿ, ಮಹಡಿಮನೆಯೊಂದರ ಕಿಟಕಿಯೊಳಗೆ ಮೆಲ್ಲನೆ ಕಾಲಿಟ್ಟಿತು. ಎಲ್ಲೆಲ್ಲೂ ಪ್ರಸನ್ನತೆ, ಎಲ್ಲೆಲ್ಲೂ ಕಾಂತಿ! ಕಿಟಕಿಯ ಬಳಿ ಕುಳಿತ ಹೆಣ್ಣಿಗೆ ಮಾತ್ರ ಆ ಬೆಳಕಿನ ಮೇಲೂ ಸಂಶಯ. ಕುರ್ಚಿಯ ಬೆನ್ನಿಗೆ ನೇತುಬಿದ್ದ ಅಂಗಿಯ ಮೇಲೆ ಸಂಶಯ, ಮೇಜಿನ ಮೇಲೆ ಹಬೆಯಾಡುತ್ತಿದ್ದ ಚಹಾದ ಮೇಲೆ ಸಂಶಯ. ಎಲ್ಲಕ್ಕಿಂತ ಮಿಗಿಲಾಗಿ, ಆ ಚಹಾ ತಂದಿಟ್ಟವನ ಮೇಲೆ.

"ಕುಡಿ, ಆರಿಹೋಗುತ್ತೆ."

"ಮೊದಲು ನೀವು ಕುಡೀರಿ."

ಅವನು ಒಂದು ಗುಟುಕು ಕುಡಿದು ತೋರಿಸಿದ. ಆಮೇಲೂ ಅವಳು ಲೋಟ ಮುಟ್ಟಲಿಲ್ಲ.

ಸಹೃದಯರೇ, ಆಣೆ ಮಾಡಿ ಹೇಳುತ್ತೇನೆ, ಅವನು ಅವಳ ಗಂಡನೇ! ಅದೇ ಬೀದಿಯಲ್ಲಿ ಬೀಗ ರಿಪೇರಿ ಅಂಗಡಿ ಇಟ್ಟವನು. ಅವಳದು ಎದುರಿಗೇ ಹೊಲಿಗೆ ದಾರ, ಅಸ್ತರಿನ ಬಟ್ಟೆಯ ಅಂಗಡಿ. ಗಿರಾಕಿ ತಂದ ಬಟ್ಟೆಯ ಚೂರನ್ನು ಬಾಗಿಲ ಬೆಳಕಿಗೆ ಹಿಡಿದು, "ಹತ್ತಿರದ ಬಣ್ಣ ಇದು, ಅದೇ ಬಣ್ಣ ಅಲ್ಲ" ಎಂದು ಅವಳು ಅಂದರೆ ದರ್ಜಿಗಳು ಆ ಮಾತನ್ನೇ ನಂಬುತ್ತಿದ್ದರು. ಒಂದು ದಿನ ಮೇಲಿನ ಕಪಾಟಿನಿಂದ ದಾರದ ಪೆಟ್ಟಿಗೆ ಇಳಿಸುವಾಗ ಏಣಿ ಜಾರಿತು. ತಲೆ ನೆಲಕ್ಕೆ ಬಡಿಯಿತು. ಶಸ್ತ್ರಚಿಕಿತ್ಸೆ, ಪ್ರಜ್ಞಾಶೂನ್ಯ ಹಗಲಿರುಳುಗಳು, ಆಮೇಲೆ ಮಾತು, ಆಮೇಲೆ ನಡಿಗೆ... ಕಳೆದುಹೋದದ್ದೆಲ್ಲ ಒಂದೊಂದಾಗಿ ಮನೆ ಸೇರಿತು. ಗಂಡನೊಬ್ಬ ಮಾತ್ರ ಸೇರಲಿಲ್ಲ. ಅದೇ ಮೂಗು, ಅದೇ ಮೀಸೆ, ಹುಬ್ಬಿನ ಮೇಲಿನ ಅದೇ ಗಾಯದ ಗುರುತು. ಎಲ್ಲವನ್ನೂ ದಿಟ್ಟಿಸಿ ನೋಡಿ, "ಅಚ್ಚು ಅವರ ಹಾಗೇ ಇದ್ದಾರೆ, ಆದ್ರೆ ಅವರಲ್ಲ" ಎಂದುಬಿಟ್ಟಳು.

"ಮುಖ ಗುರುತಿಸೋದು ಸರಿಯಾಗೇ ಇದೆ," ಎಂದರು ವೈದ್ಯೆ. "ಆ ಮುಖ ಕಂಡಾಗ 'ನಮ್ಮವರು' ಅಂತ ಎದೆ ಬೆಚ್ಚಗಾಗುತ್ತಲ್ಲ, ಆ ದಾರಿಗೆ ಏಟು ಬಿದ್ದಿದೆ. ಮೆದುಳು ಕೈಕಟ್ಟಿ ಕೂರಲ್ಲ, ಬಳಸುದಾರಿ ಹುಡುಕುತ್ತೆ. ಅವರ ಜೊತೇಲೇ ಇರಿ. ವಾದ ಮಾಡ್ಬೇಡಿ, ಸುಳ್ಳೂ ಹೇಳ್ಬೇಡಿ."

ಬಳಸುದಾರಿ ಸಿಕ್ಕಿದ್ದು ಆಕಸ್ಮಿಕ. ತಡವಾಗುತ್ತದೆಂದು ತಿಳಿಸಲು ಅವನು ಅಂಗಡಿಯಿಂದ ಫೋನ್ ಮಾಡಿದ. "ರೀ!" ಎಂದು ಅವಳು ಗಳಗಳನೆ ಅತ್ತಳು. "ಎಲ್ಲಿದ್ದೀರಿ ಇಷ್ಟು ದಿನ? ಇಲ್ಲಿ ಯಾರೋ ನಿಮ್ಮ ಹಾಗೇ ವೇಷ ಹಾಕ್ಕೊಂಡು ಬಂದು ಕೂತಿದ್ದಾನೆ!" ಮುಖ ಎದುರಿಗಿದ್ದರೆ ದನಿಯೂ ಪರಕೀಯ; ಮುಖ ಮರೆಯಾದರೆ ದನಿ ಗಂಡನದೇ. ಕಣ್ಣಿಗೆ ಮುಚ್ಚಿದ ಬಾಗಿಲು ಕಿವಿಗೆ ತೆರೆದೇ ಇತ್ತು! ಅವನು ಬೀಗದ ಕೈ ಉಜ್ಜುತ್ತಿದ್ದ ಅರವನ್ನು ಕೆಳಗಿಟ್ಟು, ಗಿರಾಕಿಗೆ ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡ.

ಅಂದಿನಿಂದ ದಿನವೂ ಮಧ್ಯಾಹ್ನ ಈ ವಿಚಿತ್ರ ಪ್ರಣಯ. ಅವಳು ಅವನ ಚಾಡಿಯನ್ನು ಅವನಿಗೇ ಹೇಳುವುದು, ಅವನು ಹೂಂಗುಟ್ಟುವುದು.

"ಸಂಜೆ ಮನೆಗೆ ಬರ್ತೀನಲ್ಲೇ."

"ಎಲ್ಲಿ ಬರ್ತೀರಿ? ಬರೋದು ಅವನು!"

ಒಮ್ಮೆ, ತನ್ನ ಕೋಣೆಯ ಬಾಗಿಲಿಗೆ ಒಳಚಿಲಕವಿಲ್ಲ, ಭಯವಾಗುತ್ತದೆ ಎಂದಳು. ಸಂಜೆ ಅವನು ಸಲಕರಣೆಯ ಚೀಲ ಹಿಡಿದು ಬಂದು, ತನ್ನನ್ನೇ ಹೊರಗಿಡುವ ಗಟ್ಟಿ ಚಿಲಕವೊಂದನ್ನು ಆ ಬಾಗಿಲಿಗೆ ಜೋಡಿಸಿದ. ಅವಳ ಮನಸ್ಸು ಕರಗಿತೆಂದುಕೊಂಡಿರಾ? ಅಯ್ಯೋ, ಅನುಮಾನದ ಬುದ್ಧಿಯೇ ಬೇರೆ! ಮರುದಿನ ಫೋನಿನಲ್ಲಿ ಪಿಸುದನಿ: "ರೀ, ನಾವು ಮಾತಾಡೋದನ್ನ ಅವನು ಕದ್ದು ಕೇಳ್ತಿದ್ದಾನೆ." ನಗಬೇಕೋ ಅಳಬೇಕೋ ತಿಳಿಯದೆ ಅವನು ಅದಕ್ಕೂ ಹೂಂಗುಟ್ಟಿದ.

ಆದರೂ ಆ ಚಿಲಕ ಹಾಕಿದ ಮೇಲೆ ಅವಳಿಗೆ ನಿದ್ದೆ ಹತ್ತತೊಡಗಿತು. ಮನಸ್ಸು ಒಳಗೊಳಗೇ ಏನೋ ಲೆಕ್ಕ ಹಾಕುತ್ತಿತ್ತು: ಕಳ್ಳನಾದವನು ತನ್ನ ವಿರುದ್ಧ ತಾನೇ ಚಿಲಕ ಜೋಡಿಸುತ್ತಾನೆಯೇ?

ಅವಳೊಳಗಿನ ಈ ಬದಲಾವಣೆಯನ್ನು ಅರಿಯದ ಅವಳ ತಮ್ಮ ಒಂದು ಮಧ್ಯಾಹ್ನ ಬಂದ. ಅಕ್ಕನ ಇಳಿದ ಮುಖ ನೋಡಿದ. ನೇರವಾಗಿ ಬೀಗದ ಅಂಗಡಿಗೆ ಹೋದ.

"ಭಾವ, ತಪ್ಪು ತಿಳ್ಕೋಬೇಡಿ. ಅಕ್ಕ ಪರಪುರುಷನ ಜೊತೆ ಇದ್ದೀನಿ ಅನ್ಕೊಂಡು ನರಳೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ. ನಾಳೆ ಬಂದು ನಮ್ಮನೆಗೆ ಕರ್ಕೊಂಡು ಹೋಗ್ತೀನಿ."

"ಅವಳು ಹೋದ್ರೆ ನನ್ನ ಮುಖ ಅವಳಿಗೆ ಶಾಶ್ವತವಾಗಿ ಪರಕೀಯನದೇ ಆಗಿಬಿಡುತ್ತೆ ಕಣೋ..."

"ಅಕ್ಕನ್ನೇ ಕೇಳೋಣ. ಅವಳು ಹೂಂ ಅಂದ್ರೆ ನೀವು ತಡೀಬಾರದು."

ತಮ್ಮ ಮತ್ತೆ ಮಹಡಿ ಹತ್ತಿ ಅಕ್ಕನನ್ನು ಕೇಳಿ ಹೊರಟುಹೋದ ಸ್ವಲ್ಪ ಹೊತ್ತಿಗೇ ಫೋನು ಮೊಳಗಿತು.

"ರೀ, ತಮ್ಮ ಕರೀತಿದ್ದಾನೆ. ಹೋಗ್ಲಾ?"

ಒಂದೇ ಒಂದು ಮಾತು, "ಬೇಡ" ಎಂದಿದ್ದರೆ ಸಾಕಿತ್ತು; ಆ ದನಿಯ ಮಾತನ್ನು ಅವಳು ಎಂದೂ ಮೀರಿದವಳಲ್ಲ. ಆ ಮಾತು ಅವನ ನಾಲಿಗೆಯ ತುದಿಯವರೆಗೂ ಬಂತು... ಆದರೆ ಅವಳಿಗಾಗಿ ಒಳಚಿಲಕ ಜೋಡಿಸಿದ ಕೈಗೆ ಅವಳನ್ನೇ ಕೂಡಿಹಾಕುವ ಮನಸ್ಸು ಎಲ್ಲಿಂದ ಬರಬೇಕು!

"ಆ ಮನುಷ್ಯನ ಭಯ ಇದ್ರೆ ಹೋಗು. ನಾನು ಬೇಡ ಅನ್ನಲ್ಲ."

ಅತ್ತ ಕಿಟಕಿ ತೆರೆದ ಸದ್ದು ಕೇಳಿತು.

"ಭಯ ಇಲ್ಲ ರೀ," ಎಂದಳು ಅವಳು. "ಹೇಗೆ ಹೇಳ್ಲಿ ನಿಮಗೆ... ಸಂಜೆ ಅವರು ಬರೋದು ಒಂಚೂರು ತಡವಾದ್ರೆ ನಾನು ಕಿಟಕಿ ಹತ್ರ ಹೋಗಿ ನಿಂತ್ಕೋತೀನಿ. ಮೆಟ್ಟಿಲ ಸದ್ದು ಕೇಳಿದ್ರೆ ಜೀವ ಬಂದ ಹಾಗಾಗುತ್ತೆ. ನಿಮಗೆ ಮೋಸ ಮಾಡ್ತಿದ್ದೀನಿ. ನನ್ನ ಕ್ಷಮಿಸ್ತೀರಾ?"

ಆಹಾ! ಆನಂದದ ಆ ಮಹಾಪೂರದ ನಡುವೆಯೂ, ನಂಬಿದರೆ ನಂಬಿ, ಅವನಿಗೆ ಹೊಟ್ಟೆಕಿಚ್ಚಿನ ಒಂದು ಚುರುಕು ತಾಗಿತು. ತನ್ನ ಹೆಂಡತಿಯ ಮನಸ್ಸು ಕದ್ದವನ ಮೇಲೆ! ಮರುಕ್ಷಣ ಅವನು ಗಿರಾಕಿಯನ್ನೂ ಬಿಚ್ಚಿಟ್ಟ ಬೀಗವನ್ನೂ ಹಾಗೇ ಬಿಟ್ಟು, ಫೋನನ್ನು ಕಿವಿಯಿಂದ ತೆಗೆಯದೆ, ಮನೆಯ ಮೆಟ್ಟಿಲು ಹತ್ತುತ್ತಿದ್ದ.

"ಕ್ಷಮಿಸೋದು ಏನಿದೆಯೇ ಹುಚ್ಚಿ? ಅವನೂ ಒಳ್ಳೆಯವನೇ. ನನಗಿಂತ ಚೆನ್ನಾಗಿ ಚಹಾ ಮಾಡ್ತಾನೆ."

ದನಿ ಫೋನಿನಲ್ಲೂ ಕೇಳಿತು, ಬಾಗಿಲಲ್ಲೂ ಕೇಳಿತು. ಅವಳು ತಿರುಗಿದಳು. ಏದುಸಿರು ಬಿಡುತ್ತಿದ್ದ ಆ ಮುಖವನ್ನೂ, ಅದರ ಕಿವಿಗೆ ಒತ್ತಿಹಿಡಿದ ಫೋನನ್ನೂ ನೋಡಿದಳು, ಗೋಡೆಗೆ ಒರಗಿದಳು, ಬಿಗಿಯಾಗಿ ಕಣ್ಣು ಮುಚ್ಚಿದಳು.

"ಇನ್ನೊಂದ್ಸಲ ಮಾತಾಡಿ."

"ಏನಂತ ಮಾತಾಡ್ಲಿ? ನಾನೇ ಕಣೇ. ಇಷ್ಟು ದಿನವೂ ನಾನೇ."

ಮುಚ್ಚಿದ ರೆಪ್ಪೆಗಳ ಕೆಳಗಿಂದ ನೀರಿಳಿಯಿತು. ಕಣ್ಣು ತೆರೆದಳು. ತೆರೆದೊಡನೆ ಮತ್ತೆ ಅದೇ ಪರಕೀಯ ಮುಖ! ಅವಳ ಹಣೆ ಗಂಟಿಕ್ಕಿತು, ಅವನತ್ತ ಚಾಚಿದ್ದ ಕೈ ಹಿಂದೆ ಸರಿಯಿತು. ಅವನು ಹೊಸ್ತಿಲು ದಾಟದೆ ಅಲ್ಲೇ ನಿಂತ.

"ನನ್ನ ಕಣ್ಣು ಇನ್ನೂ ಒಪ್ತಿಲ್ಲ," ಎಂದಳು, ತಡವರಿಸುತ್ತ. "ಯಾವಾಗ ಒಪ್ಪುತ್ತೋ ಗೊತ್ತಿಲ್ಲ. ತಮ್ಮನಿಗೆ ಫೋನ್ ಮಾಡಿ, ನಾಳೆ ಬರೋದು ಬೇಡ ಅನ್ನಿ."

"ನಾನು ಹೇಳ್ಲಾ?"

"ಹೂಂ, ನೀವೇ. ಅಕ್ಕನ ಗಂಡ ಮಾತಾಡ್ತಿರೋದು ಅಂತ ಹೇಳಿ."

ಸಂಶಯ ಸಂಪೂರ್ಣವಾಗಿ ತೊಲಗಿದ ಮೇಲೆಯೇ ಒಲವು ಬರುವುದಾಗಿದ್ದರೆ ಈ ಲೋಕದಲ್ಲಿ ಎಷ್ಟು ಮನೆಗಳಲ್ಲಿ ದೀಪ ಉರಿಯುತ್ತಿತ್ತು, ಸಹೃದಯರೇ! ಸಂಶಯ ಇನ್ನೂ ಕೋಣೆಯಲ್ಲೇ ಕುಳಿತಿರುವಾಗ ಒಲವು ಬಂದು, ಸ್ವಲ್ಪ ಸರಿದು ಕೂರೆಂದು ಕೇಳಿ, ಅದರ ಪಕ್ಕದಲ್ಲೇ ಜಾಗ ಮಾಡಿಕೊಳ್ಳುತ್ತದೆ. ಆಮೇಲೆ ಇಬ್ಬರೂ ಬಹುಕಾಲ ಒಟ್ಟಿಗೇ ಬಾಳುತ್ತಾರೆ... ಮನುಷ್ಯಹೃದಯ ಅಷ್ಟು ವಿಶಾಲ.